ಮನಸ್ಸು ಸೋತಾಗಲೂ ಹಬ್ಬ ಬರುತ್ತದೆ...

ಕ್ರಿಸ್‌ಮಸ್ ಎಂದರೆ ಕೇಕು, ನಕ್ಷತ್ರದೀಪ, ಹೊಸ ಬಟ್ಟೆ ಅಷ್ಟೇ ಅಲ್ಲ. ನೋವು ನುಂಗಿಕೊಂಡು ಹಬ್ಬ ಮಾಡುವ ಹೆಣ್ಣುಮಕ್ಕಳಿಗೆ ಭರವಸೆ, ನಂಬಿಕೆ, ಕೃತಜ್ಞತೆ ಎಂಬ ಮಾತುಗಳ ಅರ್ಥವೇನು? ಕೊಡಗಿನ ಮನೆಗಳಲ್ಲಿ ಇಣುಕಿದರೆ ಉತ್ತರ ಸಿಗುತ್ತದೆ.

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಹೊದಿಕೆ ಬಿಟ್ಟು ಏಳೋದೇ ಒಂದು ಸಾಹಸ. ಮಂಜು ಕಿಟಕಿಗೆ ಅಂಟಿಕೊಂಡಿರುತ್ತದೆ. ಆದರೆ ಗೃಹಿಣಿಗೆ ರಜೆ ಎಲ್ಲಿದೆ ಹೇಳಿ? ಮಕ್ಕಳಿಗೆ ಡಬ್ಬಿ ಕಟ್ಟಬೇಕು, ಅತ್ತೆ ಮಾವನಿಗೆ ಬಿಸಿನೀರು ಕಾಯಿಸಬೇಕು. ತೋಟ ಇದ್ದವರ ಮನೆಯಲ್ಲಂತೂ ಅರೇಬಿಕಾ ಕುಯ್ಲಿನ ಗಡಿಬಿಡಿ. ಕಣದಲ್ಲಿ ಕಾಫಿ ಒಣಗಲು ಹಾಕಿದಾಗಲೇ ಮೋಡ ಕವಿಯಿತೋ, ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು.

ಈ ಗಡಿಬಿಡಿಯ ನಡುವೆಯೇ ಹಬ್ಬಗಳ ಸಾಲು. ಹೊಸ ಬತ್ತದ ಕದಿರು ಮನೆಗೆ ತರುವ ಹುತ್ತರಿ ಮುಗಿಯಿತು ಎನ್ನುವಷ್ಟರಲ್ಲಿ ಕ್ರಿಸ್‌ಮಸ್. ವಿರಾಜಪೇಟೆ, ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರದ ಬೀದಿಗಳಲ್ಲಿ ಮನೆಮನೆ ಮುಂದೆ ನಕ್ಷತ್ರದೀಪ ತೂಗುತ್ತದೆ. ತೋಟದ ಲೈನ್ ಮನೆಗಳಲ್ಲೂ ಬಣ್ಣದ ಕಾಗದದ ನಕ್ಷತ್ರ ಕಾಣುತ್ತದೆ. ನೋಡೋಕೆ ಎಷ್ಟು ಚೆಂದ ಅಲ್ವಾ?

ಆದರೆ ಆ ನಕ್ಷತ್ರದ ಕೆಳಗಿನ ಬಾಗಿಲು ತೆಗೆದರೆ ಎಲ್ಲರ ಮನೆಯಲ್ಲೂ ನಗುವೇ ಇರುತ್ತದೆ ಎಂದು ಹೇಳೋಕಾಗಲ್ಲ.

ಹಬ್ಬ ಭಾರವಾಗುವುದು ಯಾರಿಗೆ?

ವರ್ಷದ ಉಳಿದ ದಿನಗಳಲ್ಲಿ ಹೇಗೋ ಮರೆತಿದ್ದ ನೋವು ಹಬ್ಬದ ದಿನ ಎದುರಿಗೇ ಬಂದು ಕೂರುತ್ತದೆ. ಈ ವರ್ಷ ಗಂಡನನ್ನು ಕಳೆದುಕೊಂಡವರು, ಮಗ ದುಬೈನಲ್ಲಿದ್ದು ರಜೆ ಸಿಗದೆ ಒಂಟಿಯಾದ ತಾಯಿ, ಸಾಲದ ಕಂತು ಕಟ್ಟಲಾಗದೆ ನಿದ್ದೆಗೆಟ್ಟವರು, ಆಸ್ಪತ್ರೆಯ ರಿಪೋರ್ಟು ಕೈಯಲ್ಲಿ ಹಿಡಿದವರು... ಇವರೆಲ್ಲ ಹಬ್ಬಕ್ಕೆ ನಗುಮುಖ ಹೊತ್ತು ನಿಲ್ಲಬೇಕು. ‘ಮನೆ ಹೆಂಗಸೇ ಮುಖ ಬಾಡಿಸಿಕೊಂಡರೆ ಹೇಗೆ?’ ಎನ್ನುವ ಮಾತು ಬೇರೆ!

ನಮ್ಮ ಬೀದಿಯ ಹಿರಿಯರೊಬ್ಬರು, ನಾವೆಲ್ಲ ಆಂಟಿ ಎಂದೇ ಕರೆಯುತ್ತೇವೆ, ಗಂಡ ತೀರಿಕೊಂಡ ಮೊದಲ ಡಿಸೆಂಬರಿನಲ್ಲಿ ಹೇಳಿದ ಮಾತು ನನಗಿನ್ನೂ ನೆನಪಿದೆ. ‘ನಕ್ಷತ್ರ ಕಟ್ಟೋದು ಅವರ ಕೆಲಸವಾಗಿತ್ತು ಕಣಮ್ಮಾ. ಏಣಿ ನೋಡಿದ್ರೇ ಸಂಕಟ ಆಗುತ್ತೆ.’ ಆ ವರ್ಷ ಅವರ ಮನೆಯಲ್ಲಿ ದೊಡ್ಡ ನಕ್ಷತ್ರ ಏರಲಿಲ್ಲ. ಕಿಟಕಿಯಲ್ಲಿ ಒಂದು ಸಣ್ಣ ದೀಪ ಇಟ್ಟರು. ‘ಇಷ್ಟು ನನ್ನಿಂದ ಆಗುತ್ತೆ’ ಎಂದರು. ಭರವಸೆ ಎಂದರೆ ಬಹುಶಃ ಇಷ್ಟೇ. ಆಗುವಷ್ಟನ್ನು ಮಾಡುವುದು, ಆಗದ್ದನ್ನು ಮುಂದಿನ ವರ್ಷಕ್ಕೆ ಬಿಡುವುದು.

ಆಶ್ರಯ ಕೊಟ್ಟ ನೆಲ

ಕೊಡಗಿನಲ್ಲಿ ಕ್ರಿಸ್‌ಮಸ್ ಆರಂಭವಾದದ್ದೇ ಆಶ್ರಯ ಹುಡುಕಿ ಬಂದವರಿಂದ ಎನ್ನುವುದು ನಿಮಗೆ ಗೊತ್ತೇ? 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ಅವರಿಗೆ ನೆಲೆ ಕೊಟ್ಟವನು ಆಗಿನ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ಅವನ ಹೆಸರಿನ ಊರೇ ಇಂದಿನ ವಿರಾಜಪೇಟೆ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಇತಿಹಾಸ 1792ರಿಂದ ಶುರುವಾಗುತ್ತದೆ.

ಲಿಂಗಾಯತ ಅರಸ, ಕೊಂಕಣಿ ಮಾತಾಡುವ ನಿರಾಶ್ರಿತರು, ಕೊಡವರ ನೆಲ. ಮನೆಮಠ ಬಿಟ್ಟು, ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಡು ದಾಟಿ ಬಂದ ಆ ತಾಯಂದಿರು ಇಲ್ಲಿ ಮೊದಲ ಕ್ರಿಸ್‌ಮಸ್ ಹೇಗೆ ಮಾಡಿರಬಹುದು? ಕೇಕು ಇರಲಿಕ್ಕಿಲ್ಲ, ಹೊಸ ಬಟ್ಟೆ ಇರಲಿಕ್ಕಿಲ್ಲ. ತಲೆ ಮೇಲೊಂದು ಸೂರು ಇದ್ದದ್ದೇ ದೊಡ್ಡ ಹಬ್ಬ ಆಗಿರಬೇಕು.

ಆಮೇಲೆ ಬೇರೆಬೇರೆ ಕಡೆಯಿಂದ ಜನ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿದರು. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಸಂತ ಮಾರ್ಕರ ಚರ್ಚು ಇಂದು ಸರ್ಕಾರಿ ವಸ್ತು ಸಂಗ್ರಹಾಲಯ. ಕಾಫಿ ತೋಟಗಳಿಗೆ ತಮಿಳರು, ಮಲಯಾಳಿಗಳು ಬಂದರು. ಈಚಿನ ವರ್ಷಗಳಲ್ಲಿ ದೂರದ ಅಸ್ಸಾಂನಿಂದಲೂ ಕೆಲಸಕ್ಕೆ ಬರುತ್ತಿದ್ದಾರೆ. ಹಾಗಾಗಿ ಕೊಡಗಿನ ಕ್ರಿಸ್‌ಮಸ್ ಹಾಡು ಕನ್ನಡ, ಕೊಂಕಣಿ, ತಮಿಳು, ಮಲಯಾಳ ಹೀಗೆ ಹಲವು ಭಾಷೆಗಳಲ್ಲಿ ಕೇಳುತ್ತದೆ.

ಹಟ್ಟಿಯಲ್ಲಿ ಹೆತ್ತ ತಾಯಿ

ಗೋದಲಿ ನೋಡಿದ್ದೀರಲ್ಲ? ಹುಲ್ಲಿನ ಛಾವಣಿ, ದನ, ಕುರಿ, ನಡುವೆ ಮಗು. ಮಕ್ಕಳು ಇಷ್ಟಪಟ್ಟು ಮಾಡುತ್ತಾರೆ. ನಾವು ಹೆಂಗಸರು ಅದನ್ನು ಒಮ್ಮೆ ಮರಿಯಳ ಕಣ್ಣಿನಿಂದ ನೋಡಬೇಕು. ತುಂಬು ಬಸುರಿ. ಸ್ವಂತ ಊರಲ್ಲ, ತವರಿಲ್ಲ, ಹತ್ತಿರ ಅಮ್ಮನಿಲ್ಲ. ಛತ್ರದಲ್ಲಿ ಜಾಗ ಸಿಗಲಿಲ್ಲ. ದನದ ಗೋದಲಿಯಲ್ಲಿ ಮಗುವನ್ನು ಮಲಗಿಸಬೇಕಾಯಿತು. ಬಿಸಿನೀರು, ಸಾಂಬ್ರಾಣಿ, ಖಾರದ ಪುಡಿ ಎಂದು ತಿಂಗಳುಗಟ್ಟಲೆ ಬಾಣಂತನ ಮಾಡಿಸಿಕೊಂಡ ನಮಗೆ ಅದರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ! ಸ್ವಲ್ಪ ದಿನಕ್ಕೇ ರಾಜನ ಭಯಕ್ಕೆ ಹಸುಗೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಬೇಕಾಯಿತು.

ಅಂದರೆ ಈ ಹಬ್ಬದ ಮೂಲ ಕತೆಯಲ್ಲೇ ಎಲ್ಲವೂ ಸರಿಯಾಗಿರಲಿಲ್ಲ. ಮನೆ ಗುಡಿಸಿ, ಒರೆಸಿ, ಪರದೆ ಬದಲಿಸಿ, ಹತ್ತು ಬಗೆಯ ತಿಂಡಿ ಮಾಡಿದ ಮೇಲೇ ಹಬ್ಬ ಎಂದು ನಾವು ಅಂದುಕೊಂಡಿದ್ದೇವೆ. ಕತೆ ಹೇಳುವುದು ಬೇರೆಯೇ. ಏನೂ ಸಿದ್ಧವಿಲ್ಲದ ಜಾಗಕ್ಕೇ ಮಗು ಬಂತು.

ಗುಡ್ಡ ಕುಸಿದ ಆ ವರ್ಷ

2018ರ ಆಗಸ್ಟನ್ನು ಕೊಡಗಿನವರು ಮರೆಯುವುದುಂಟೇ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ... ಒಂದೊಂದು ಹೆಸರಿನ ಹಿಂದೆಯೂ ಮಣ್ಣಾದ ಮನೆಗಳು. ಮಡಿಕೇರಿಯಿಂದ ಸಂಪಾಜೆಗೆ ಹೋಗುವ ರಸ್ತೆಯೇ ಕುಸಿಯಿತು. ತಲೆಮಾರುಗಳಿಂದ ಸಾಕಿದ ಕಾಫಿ ಗಿಡ, ಗದ್ದೆ ಎಲ್ಲ ಒಂದೇ ರಾತ್ರಿಗೆ ಇಲ್ಲವಾಯಿತು. ಉಟ್ಟ ಬಟ್ಟೆಯಲ್ಲೇ ಓಡಿಬಂದವರು ಶಾಲೆ, ಸಮುದಾಯ ಭವನಗಳಲ್ಲಿ ಚಾಪೆ ಹಾಸಿ ಮಲಗಿದರು. 2019ರಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿದು ಜೀವಗಳು ಹೋದವು.

ಮನೆ ಕಳೆದುಕೊಂಡವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದರು. ದೊಡ್ಡ ಪಾತ್ರೆಯಲ್ಲಿ ಬೆಂದ ಅನ್ನ ಯಾರು ಬಡಿಸಿದರು, ಯಾರು ಉಂಡರು ಎಂದು ಆಗ ಯಾರೂ ಕೇಳಲಿಲ್ಲ. ಆ ವರ್ಷದ ಹುತ್ತರಿಗೆ ಗದ್ದೆಯೇ ಇಲ್ಲದವರಿದ್ದರು. ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟೋಕೆ ಮನೆಯೇ ಇಲ್ಲದವರಿದ್ದರು. 2020ರಲ್ಲಿ ಜಂಬೂರು, ಮದೆನಾಡಿನಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳು ಸಿಕ್ಕಿದವು. ಹೊಸ ಮನೆ ಎಂದರೆ ಹಳೆಯ ಅಂಗಳ ಮರಳಿ ಬಂದಂತಲ್ಲ, ನಿಜ. ಆದರೂ ಬಾಗಿಲಿಗೆ ರಂಗೋಲಿ ಬಿತ್ತು, ಒಲೆ ಹೊತ್ತಿತು, ತುಳಸಿ ಚಿಗುರಿತು.

ನಂಬಿಕೆ ಎಂದರೆ ದೇವರು ಮಳೆ ನಿಲ್ಲಿಸುತ್ತಾನೆ ಎನ್ನುವುದಷ್ಟೇ ಅಲ್ಲ. ಮಳೆ ನಿಂತ ಮೇಲೆ ನಾನು ಮತ್ತೆ ಒಂದು ಗಿಡ ನೆಡುತ್ತೇನೆ ಎನ್ನುವುದೂ ನಂಬಿಕೆಯೇ. ಕಾಫಿ ಗಿಡ ನೆಟ್ಟವರು ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಕಾಯುವುದು ಹೇಗೆಂದು ಕೊಡಗಿನ ಹೆಂಗಸರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಒಂದೊಂದೇ ಬತ್ತಿ

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಆಗಮನ ಕಾಲ ಎನ್ನುತ್ತಾರೆ. ಹಸಿರೆಲೆಯ ಬಳೆಯೊಂದರಲ್ಲಿ ನಾಲ್ಕು ಮೇಣದ ಬತ್ತಿ ನಿಲ್ಲಿಸಿ, ವಾರಕ್ಕೊಂದರಂತೆ ಹಚ್ಚುತ್ತಾರೆ. ಮೊದಲನೆಯದನ್ನು ಭರವಸೆಯ ಬತ್ತಿ ಎನ್ನುವ ರೂಢಿಯಿದೆ. ಇದರ ಹಿಂದೆಯೂ ಒಂದು ಕತೆಯಿದೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿಗೆ ಮಕ್ಕಳು ‘ಹಬ್ಬ ಯಾವಾಗ, ಹಬ್ಬ ಯಾವಾಗ’ ಎಂದು ದಿನಾ ಪೀಡಿಸುತ್ತಿದ್ದರಂತೆ. ಅವರು ಹಳೆಯ ಗಾಡಿಚಕ್ರಕ್ಕೆ ಬತ್ತಿಗಳನ್ನು ಸಿಕ್ಕಿಸಿ ದಿನಕ್ಕೊಂದು ಹಚ್ಚತೊಡಗಿದರು. ಕಾಯುವ ಮಕ್ಕಳಿಗೆ ದಿನ ಎಣಿಸಲು ಒಂದು ದಾರಿ ಸಿಕ್ಕಿತು.

ಇದರಲ್ಲಿ ನಮಗೂ ಪಾಠವಿದೆ. ಕಷ್ಟದಲ್ಲಿರುವವರಿಗೆ ‘ಎಲ್ಲ ಸರಿಹೋಗುತ್ತೆ ಬಿಡಿ’ ಎಂದರೆ ನಂಬಿಕೆ ಬರುವುದಿಲ್ಲ. ಎಲ್ಲ ದೀಪ ಒಟ್ಟಿಗೆ ಹತ್ತಬೇಕಿಲ್ಲ. ಈ ವಾರಕ್ಕೆ ಒಂದು ಸಾಕು.

ಕೃತಜ್ಞತೆ ಎಂದರೆ ಹೋಲಿಕೆಯಲ್ಲ

‘ನಿನಗಿಂತ ಕಷ್ಟದಲ್ಲಿರೋರನ್ನ ನೋಡು, ನೀನೇ ಪುಣ್ಯವಂತೆ!’ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸಮಾಧಾನಕ್ಕೆಂದೇ ಹೇಳುತ್ತಾರೆ. ಆದರೆ ಕೇಳಿದವರಿಗೆ ಅಳುವುದಕ್ಕೂ ಅಪರಾಧಿ ಭಾವ ಕಾಡುತ್ತದೆ. ಇನ್ನೊಬ್ಬರ ದುಃಖದ ಮೇಲೆ ನಿಂತ ಸಮಾಧಾನ ಎಷ್ಟು ಹೊತ್ತು ನಿಂತೀತು?

ಕೃತಜ್ಞತೆ ಬೇರೆ. ನನ್ನ ಈ ದಿನದಲ್ಲಿ ಯಾರಿಂದ ಏನು ಒಳ್ಳೆಯದಾಯಿತು ಎಂದು ಗುರುತಿಸುವುದು. 2003ರಲ್ಲಿ ಅಮೆರಿಕದ ಎಮನ್ಸ್ ಮತ್ತು ಮೆಕಲೊ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಒಂದು ಗುಂಪಿನವರು ಹತ್ತು ವಾರ, ವಾರಕ್ಕೊಮ್ಮೆ ತಮಗೆ ಕೃತಜ್ಞತೆ ಮೂಡಿಸಿದ ಐದು ಸಂಗತಿಗಳವರೆಗೆ ಬರೆದರು. ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಒಳ್ಳೆಯದನ್ನು ಬರೆದವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನ, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ಕಂಡಿತು. ವಾರಕ್ಕೆ ಐದು ಸಾಲು ಬರೆಯೋಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕಲ್ವಾ?

ತಟ್ಟೆ ಖಾಲಿ ಹೋಗಬಾರದು

ಹುತ್ತರಿಗೆ ತಂಬಿಟ್ಟು, ಹೊಸಕ್ಕಿ ಪಾಯಸ. ಕ್ರಿಸ್‌ಮಸ್ಸಿಗೆ ಕುಸ್ವಾರ್: ಕಿಡಿಯೋ, ನೆವ್ರಿ, ಗುಳಿಯೋ, ತುಕ್ಡಿ, ಹೂವಿನಾಕಾರದ ಗುಲಾಬಿ ಬಿಸ್ಕತ್ತು, ಜೊತೆಗೆ ಪ್ಲಮ್ ಕೇಕು, ಮನೆಯಲ್ಲೇ ಮಾಡಿದ ವೈನು. ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಮೇಲೆ ಕಸೂತಿ ಬಟ್ಟೆ ಮುಚ್ಚಿ ಕಳಿಸುತ್ತಾರೆ. ತಟ್ಟೆಯನ್ನು ಖಾಲಿ ಹಿಂತಿರುಗಿಸಬಾರದು ಎನ್ನುವುದು ನಮ್ಮೆಲ್ಲರ ಮನೆಯ ಪದ್ಧತಿ. ಕೊನೆಗೆ ಒಂದು ಹಿಡಿ ಸಕ್ಕರೆಯಾದರೂ ಸೈ, ನಾಲ್ಕು ಕಿತ್ತಳೆಯಾದರೂ ಸೈ. ‘ಥ್ಯಾಂಕ್ಸ್’ ಎಂಬ ಪದ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರು ತಟ್ಟೆಯಲ್ಲೇ ಕೃತಜ್ಞತೆ ಹೇಳುತ್ತಿದ್ದರು!

ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದನ್ನೂ ಕಲಿಯಬೇಕು. ‘ನಿಮಗ್ಯಾಕೆ ತೊಂದರೆ’ ಎಂದು ಪ್ರತಿಯೊಂದನ್ನೂ ನಿರಾಕರಿಸುವುದು ನಮ್ಮ ಅಭ್ಯಾಸ. ಈ ಹಬ್ಬಕ್ಕೆ ಯಾರಾದರೂ ‘ಮಕ್ಕಳನ್ನ ಒಂದು ಗಂಟೆ ನಾನು ನೋಡ್ಕೊಳ್ತೀನಿ’ ಎಂದರೆ ‘ಆಗಲಿ’ ಎನ್ನಿ.

ನೀವೂ ಮಾಡಿ ನೋಡಿ

* ಮಾಡಬೇಕಾದ ಕೆಲಸಗಳ ಪಟ್ಟಿ ಬರೆದು, ಅರ್ಧವನ್ನು ಹೊಡೆದುಹಾಕಿ. ಐದು ಬಗೆಯ ತಿಂಡಿ ಆಗದಿದ್ದರೆ ಎರಡು ಸಾಕು. ಉಳಿದರ್ಧವನ್ನು ಗಂಡ, ಮಕ್ಕಳಿಗೂ ಹಂಚಿ. ಗುಳಿಯೋ ಉಂಡೆ ಕಟ್ಟಲು ಗಂಡಸರ ಕೈಯೂ ಆಗುತ್ತದೆ!

* ಮನೆಯವರೊಬ್ಬರು ಅಗಲಿದ್ದರೆ ಆ ಹೆಸರನ್ನು ಮುಚ್ಚಿಡಬೇಡಿ. ಅವರಿಗಾಗಿ ಒಂದು ಬತ್ತಿ ಹಚ್ಚಿ, ಅವರಿಗಿಷ್ಟದ ಒಂದು ಅಡುಗೆ ಮಾಡಿ. ಅತ್ತರೆ ಅಳಲಿ, ಹಬ್ಬ ಕೆಡುವುದಿಲ್ಲ.

* ದುಃಖದಲ್ಲಿರುವ ಗೆಳತಿಯ ಮನೆಗೆ ಹೋದಾಗ ಉಪದೇಶ ಬೇಡ. ಪಾತ್ರೆ ತೊಳೆದುಕೊಡಿ, ಜೊತೆಗೆ ಕೂತು ಕಾಫಿ ಕುಡಿಯಿರಿ.

* ರಾತ್ರಿ ಊಟದ ಹೊತ್ತಿಗೆ ಟಿ.ವಿ., ಮೊಬೈಲು ಆಫ್ ಮಾಡಿ. ‘ಇವತ್ತು ನಿನಗೆ ಯಾರು ಸಹಾಯ ಮಾಡಿದ್ರು?’ ಎಂದು ಪ್ರತಿಯೊಬ್ಬರನ್ನೂ ಕೇಳಿ. ಮಕ್ಕಳ ಉತ್ತರ ಕೇಳಿ ಆಶ್ಚರ್ಯಪಡುತ್ತೀರಿ.

* ಮನೆಕೆಲಸದವರು, ಹಾಲಿನವರು, ಕಸದ ಗಾಡಿಯವರು, ಕುಯ್ಲಿಗೆ ಬಂದು ಊರಿಂದ ದೂರ ಇರುವವರು, ಇವರಿಗೆ ಮೊದಲ ತಟ್ಟೆ ಹೋಗಲಿ. ಬೆತ್ಲೆಹೇಮಿನ ಮೊದಲ ಅತಿಥಿಗಳು ಕುರಿ ಕಾಯುವವರಲ್ಲವೇ?

* ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಅದು ನಂಬಿಕೆಯ ಕೊರತೆ ಅಲ್ಲ. ನಾಚಿಕೆಪಡದೆ ವೈದ್ಯರನ್ನು ಕಾಣಿ. 2022ರಿಂದ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಮಾತಾಡಿ.

ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ. ಹೆಚ್ಚಲಿ, ತುಂಬಲಿ ದೇವರೇ ಎಂದು ಅದರ ಅರ್ಥ. ಚರ್ಚಿನ ಗಂಟೆಯಾಗಲಿ, ಗದ್ದೆಯ ಈ ಕೂಗಾಗಲಿ ಬೇಡುವುದು ಅದನ್ನೇ. ನಿಮ್ಮ ಮನೆಯ ಕಣಜ ತುಂಬಲಿ, ಮನಸ್ಸೂ ತುಂಬಲಿ. ತುಂಬಲು ಇನ್ನೂ ಸಮಯ ಬೇಕಿದ್ದರೆ ಅವಸರವೇನಿಲ್ಲ, ಕಿಟಕಿಯಲ್ಲಿ ಒಂದು ಸಣ್ಣ ದೀಪ ಇಡಿ, ಸಾಕು. ಏನಂತೀರಿ?