ಇಂಕಾ: ಅರಸನ ಬಿರುದು ಜನರ ಹೆಸರಾದ ಬಗೆ

ಕೆರಗೋಡು ಹೋಬಳಿಯ ಯಾವ ಊರಿನ ಅರಳಿಕಟ್ಟೆಯ ಬಳಿ ನಿಂತು ‘ಗೌಡ್ರೇ’ ಎಂದು ಕೂಗಿದರೂ ನಾಲ್ಕಾರು ಜನ ತಿರುಗಿ ನೋಡುತ್ತಾರೆ. ಸಾವಿರ ವರ್ಷದ ಹಿಂದೆ ತಿರುಗುತ್ತಿದ್ದವರು ಒಬ್ಬರೋ ಇಬ್ಬರೋ. ಗಂಗರ ಕಾಲದ ಶಾಸನಗಳಲ್ಲಿ ಬರುವ ‘ಗಾವುಂಡ’ ಊರಿನ ಮುಖ್ಯಸ್ಥ. ಅಂದರೆ ಅದು ಹುದ್ದೆ. ಹುದ್ದೆ ತಂದೆಯಿಂದ ಮಗನಿಗೆ ಬಂತು, ಮನೆತನದ ಗುರುತಾಯಿತು, ಕಡೆಗೆ ಗೌಡ ಎಂಬುದು ಸಮುದಾಯದ ಹೆಸರೇ ಆಯಿತು. ಶ್ರೀರಂಗಪಟ್ಟಣವನ್ನು 1610ರಲ್ಲಿ ರಾಜಧಾನಿ ಮಾಡಿಕೊಂಡವರ ಮನೆತನದ ಹೆಸರೂ ಹೀಗೆಯೇ ಬಂದದ್ದು: ‘ಒಡೆಯ’ ಎಂಬ ಬಿರುದಿಗೆ ಗೌರವದ ಬಹುವಚನ ಸೇರಿ ‘ಒಡೆಯರ್’.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಈ ಪ್ರಕ್ರಿಯೆ ಇನ್ನೂ ದೂರ ಹೋಯಿತು. ಕೆಚುವಾ ಭಾಷೆಯಲ್ಲಿ ಇಂಕಾ ಎಂದರೆ ಅರಸ, ಅರಸುಕುಲದವನು. ಕುಸ್ಕೊ ನಗರದಲ್ಲಿ ಆಳುತ್ತಿದ್ದ ದೊರೆ ‘ಸಾಪಾ ಇಂಕಾ’, ಏಕೈಕ ಅರಸ. ಅವನ ಹಣೆಯ ಮೇಲೆ ಇಳಿಬಿದ್ದ ಕೆಂಪು ಉಣ್ಣೆಯ ಕುಚ್ಚೇ ಅವನ ಕಿರೀಟ. ಕುಸ್ಕೊ ಸುತ್ತಲಿನ ಕೆಲವು ನಿಷ್ಠ ಬುಡಕಟ್ಟುಗಳಿಗೂ ಇಂಕಾ ಎನಿಸಿಕೊಳ್ಳುವ ಮರ್ಯಾದೆ ಸಿಕ್ಕಿತ್ತು. ಹೊಲ ಉತ್ತು ಆಲೂಗಡ್ಡೆ ಬೆಳೆಯುತ್ತಿದ್ದ ಲಕ್ಷಾಂತರ ಜನ ಮಾತ್ರ ಇಂಕಾಗಳಲ್ಲ, ಇಂಕಾನ ಪ್ರಜೆಗಳು.

ಅವರ ರಾಜ್ಯದ ಹೆಸರು ತವಾಂತಿನ್‌ಸುಯು. ‘ತವಾ’ ಎಂದರೆ ನಾಲ್ಕು, ‘ಸುಯು’ ಎಂದರೆ ಸೀಮೆ, ನಡುವಿನ ‘ಂತಿನ್’ ಎಂದರೆ ಎಲ್ಲ ಕೂಡಿದ್ದು. ಒಟ್ಟಾರೆ, ನಾಲ್ಕು ಸೀಮೆಗಳು ಒಂದಾದ ನಾಡು. ಕೆಚುವಾ ಪದ ಕಟ್ಟುವ ರೀತಿ ಕನ್ನಡಿಗರಿಗೆ ಥಟ್ಟನೆ ಅರ್ಥವಾಗುತ್ತದೆ. ‘ವಾಸಿ’ ಮನೆ, ‘ವಾಸಿಕುನ’ ಮನೆಗಳು, ‘ವಾಸಿಕುನಪಿ’ ಮನೆಗಳಲ್ಲಿ. ನಮ್ಮಂತೆಯೇ ಮೂಲಪದಕ್ಕೆ ಒಂದರ ಹಿಂದೊಂದು ಪ್ರತ್ಯಯ. ಇದನ್ನು ನೋಡಿ ಎರಡು ಭಾಷೆಗಳಿಗೂ ನಂಟು ಕಟ್ಟಬಾರದು. ಪ್ರತ್ಯಯ ಜೋಡಿಸುವ ಭಾಷೆಗಳು ತುರ್ಕಿಯಲ್ಲೂ ಇವೆ, ಜಪಾನಿನಲ್ಲೂ ಇವೆ. ನಂಟು ಹೇಳಬೇಕಾದರೆ ಮೂಲಪದಗಳಲ್ಲಿ ನಿಯಮಬದ್ಧವಾದ ಧ್ವನಿಸಾಮ್ಯ ಸಿಗಬೇಕು, ಇಲ್ಲಿ ಅದಿಲ್ಲ. ಅಂಥ ಹುಡುಕಾಟ ಆಂಡಿಸ್‌ನಲ್ಲೇ ಫಲ ಕೊಟ್ಟಿದೆ: ಇಂಕಾ ಅರಮನೆಯ ಕೆಲವು ಪದಗಳ ಬೇರು ಟಿಟಿಕಾಕಾ ಸರೋವರದ ಕಡೆ ಆಡುತ್ತಿದ್ದು ಈಗ ಅಳಿದಿರುವ ಪುಕಿನಾ ಭಾಷೆಯಲ್ಲಿದೆ ಎಂಬುದು ಪೆರುವಿನ ಭಾಷಾವಿಜ್ಞಾನಿ ರೊಡೊಲ್ಫೊ ಸೆರೋನ್ ಪಾಲೊಮಿನೊ ಅವರ ವಾದ.

1532ರಲ್ಲಿ ಸ್ಪೇನಿನಿಂದ ದಂಡೆತ್ತಿ ಬಂದ ಫ್ರಾನ್ಸಿಸ್ಕೊ ಪಿಸಾರೊ ಕಹಮಾರ್ಕಾದಲ್ಲಿ ದೊರೆ ಅತಾವಲ್ಪನನ್ನು ಸೆರೆಹಿಡಿದ, ಮರುವರ್ಷ ಕೊಲ್ಲಿಸಿದ. ಮುಂದೆ ಹೊರಗಿನವರ ಬರಹಗಳಲ್ಲಿ ರಾಜನ ಬಿರುದೇ ರಾಜ್ಯಕ್ಕೂ ಜನಕ್ಕೂ ಅಂಟಿಕೊಂಡಿತು. ಕುಸ್ಕೊದಲ್ಲೇ ಹುಟ್ಟಿದ, ತಾಯಿಯ ಕಡೆಯಿಂದ ಇಂಕಾ ಕುಲದವನಾದ ಗಾರ್ಸಿಲಾಸೊ ದೆ ಲಾ ವೇಗ 1609ರ ತನ್ನ ಗ್ರಂಥದಲ್ಲಿ ಆ ಪದದ ಸರಿಯಾದ ಅರ್ಥವನ್ನು ಬಿಡಿಸಿ ಹೇಳಿದ್ದ. ಆದರೂ ತಪ್ಪು ಬಳಕೆಯೇ ಗೆದ್ದಿತು.

ಹೆಸರುಗಳು ಹುದ್ದೆಗಿಂತ ಗಟ್ಟಿ. ನಮ್ಮಲ್ಲಿ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಪಟೇಲ, ಶಾನುಭೋಗ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಮಕ್ಕಳು ಪಾಠದಲ್ಲಿ ‘ಇಂಕಾ ಜನಾಂಗ’ ಎಂದು ಓದುವಾಗ, ಅದು ಅರಸನ ಬಿರುದು, ನಾಡಿನ ಹೆಸರು ತವಾಂತಿನ್‌ಸುಯು ಎಂದು ಮೇಷ್ಟ್ರುಗಳು ಒಂದು ಮಾತು ಸೇರಿಸಿ ಹೇಳಲಿ.