ಗುಂಡು ನೇರವಾಗಿ ಹೋಗುವುದೆ?

ಕೊಡಗಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಕೈಲ್‌ಪೊಳ್ದ್ ಹಬ್ಬವು ಬರುವುದು. ನಾಟಿಯ ಕೆಲಸ ಮುಗಿದಿರುತ್ತದೆ. ಮನೆಯ ಕೋವಿ ಕತ್ತಿಗಳನ್ನು ಒರಸಿ ಶುಚಿಗೊಳಿಸಿ, ದೇವರ ಕೋಣೆಯಲ್ಲಿಟ್ಟು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವರು. ಅನಂತರ ಊರಿನವರು ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹಾರಿಸುವ ಪಂದ್ಯವನ್ನು ನಡೆಸುವರು. ಕಾಯಿ ಒಡೆಯಿತೆಂದರೆ ನೆರೆದವರ ಸಂತೋಷಕ್ಕೆ ಪಾರವಿಲ್ಲ.

ಅದೇ ಕಾಯಿಯನ್ನು 300 ಮೀಟರ್ ದೂರದಲ್ಲಿಟ್ಟರೆ ಏನಾದೀತು? ಈ ದೂರವೆಷ್ಟೆಂಬುದನ್ನು ತಿಳಿಯಲು ಬಂದೂಕು ಬೇಕಾಗಿಲ್ಲ. ಹೆಬ್ಬಾಳದ ಕೆರೆಯ ದಂಡೆಯ ಮೇಲೆ ಸುಮಾರು ನಾನೂರು ದೊಡ್ಡ ಹೆಜ್ಜೆ ನಡೆದು, ಹೊರಟ ಸ್ಥಳವನ್ನು ಹಿಂದಿರುಗಿ ನೋಡಿದರೆ ಸಾಕು. ಅಲ್ಲಿ ನಿಂತ ಮನುಷ್ಯನ ಮುಖವನ್ನು ಗುರುತಿಸುವುದೇ ಕಷ್ಟ. 12 ಸೆಂಟಿಮೀಟರ್ ಅಗಲದ ಕಾಯಿಯಂತೂ ಬರಿಗಣ್ಣಿಗೆ ಒಂದು ಚುಕ್ಕಿಯಷ್ಟೆ. ಆ ಚುಕ್ಕಿಯನ್ನು ಬೇಟೆಯ ರೈಫಲಿನಿಂದ ಹೊಡೆಯುವುದಾದರೆ ಯಾವ ಯಾವ ಶಕ್ತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಇಲ್ಲಿ ನೋಡೋಣ.

ಬೇಟೆಯ ರೈಫಲು ದೂರದ ಗುರಿಗಾಗಿ ಹುಟ್ಟಿದ ಆಯುಧವಲ್ಲ. ಬೆಂಗಳೂರಿನ ಪ್ರಸಿದ್ಧ ಬೇಟೆಗಾರ ಹಾಗೂ ಲೇಖಕ ಕೆನೆತ್ ಆಂಡರ್ಸನ್ನರು (1910–1974) ಬಳಸುತ್ತಿದ್ದ .405 ವಿಂಚೆಸ್ಟರ್ ರೈಫಲು ಕಾಡಿನ ಪೊದೆಗಳ ನಡುವೆ, ಹತ್ತಿರದಿಂದ ಹೊಡೆಯುವುದಕ್ಕೆ ತಕ್ಕುದಾಗಿತ್ತು. ನಮ್ಮ ದೇಶದಲ್ಲಿ ಪರವಾನಗಿದಾರರು ಹೆಚ್ಚಾಗಿ ಬಲ್ಲ .315 ರೈಫಲೂ ಅಂಥದೇ. ಬಂಗಾಳದ ಇಷಾಪುರದ ಕಾರ್ಖಾನೆಯು ಇದನ್ನು ತಯಾರಿಸಿತು. ಸೇನೆಯ .303 ತೋಟಾಗಳನ್ನು ಜನಸಾಮಾನ್ಯರು ಇಟ್ಟುಕೊಳ್ಳುವಂತಿರಲಿಲ್ಲವಾದುದರಿಂದ ಬೇರೆ ಅಳತೆಯ ಈ ರೈಫಲು ಬಳಕೆಗೆ ಬಂದಿತು. ಇದರ ಗುಂಡಿನ ತೂಕ ಸುಮಾರು 16 ಗ್ರಾಂ. ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ನಮ್ಮ ಲೆಕ್ಕಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಭೂಮಿಯ ಸೆಳೆತ

ಗುಂಡು ಸ್ವಲ್ಪ ದೂರ ನೇರವಾಗಿ ಹೋಗಿ, ಆಮೇಲೆ ಬಾಗುತ್ತದೆಂದು ಅನೇಕರು ತಿಳಿದಿರುವರು. ಇದು ತಪ್ಪು. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುಂಡು ಕೆಳಗೆ ಬೀಳತೊಡಗುತ್ತದೆ. ಮಟ್ಟಸವಾಗಿ ಹಾರಿಸಿದ ಗುಂಡೂ ಅದೇ ಎತ್ತರದಿಂದ ಕೈಬಿಟ್ಟ ಕಲ್ಲೂ, ಗಾಳಿಯಿಲ್ಲದಿದ್ದರೆ, ಸಮತಟ್ಟಾದ ನೆಲವನ್ನು ಏಕಕಾಲಕ್ಕೆ ಮುಟ್ಟುವುವು. ಹೀಗೆ ಗಾಳಿಯಿಲ್ಲವೆಂದು ಭಾವಿಸಿದರೆ ನಮ್ಮ ಗುಂಡು 300 ಮೀಟರ್ ಕ್ರಮಿಸಲು ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಅದು ಬೀಳುವ ದೂರವನ್ನು ಪ್ರೌಢಶಾಲೆಯ ಸೂತ್ರದಿಂದಲೇ ಕಂಡುಹಿಡಿಯಬಹುದು: 9.8ರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ ಸುಮಾರು 1.2 ಮೀಟರ್. 100 ಮೀಟರಿನಲ್ಲಾದರೋ ಈ ಪತನ 14 ಸೆಂಟಿಮೀಟರ್ ಮಾತ್ರ. ದೂರವು ಮೂರು ಪಟ್ಟಾದರೆ ಪತನವು ಒಂಬತ್ತು ಪಟ್ಟಾಗುತ್ತದೆ. ಹತ್ತಿರದ ಗುರಿಯಲ್ಲಿ ಗೆದ್ದವನು ದೂರದಲ್ಲಿ ಸೋಲುವುದಕ್ಕೆ ಇದೇ ಮೊದಲನೆಯ ಕಾರಣ.

ಗಾಳಿಯ ತಡೆ

ಎರಡನೆಯ ಕಾರಣವನ್ನು ಮೊದಲು ಸ್ಪಷ್ಟವಾಗಿ ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿಯು ಎಷ್ಟು ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಗಣಿಸುವ ಉಪಾಯವನ್ನು ಆತ 1742ರ ತನ್ನ ಗ್ರಂಥದಲ್ಲಿ ವಿವರಿಸಿದನು. ಬೇರೆ ಬೇರೆ ದೂರಗಳಲ್ಲಿ ಹೀಗೆ ಅಳೆದಾಗ, ಗಾಳಿಯ ತಡೆಯು ಅಂದಿನ ಪಂಡಿತರು ಊಹಿಸಿದ್ದಕ್ಕಿಂತ ಬಹಳ ಹೆಚ್ಚೆಂಬುದು ಬೆಳಕಿಗೆ ಬಂದಿತು. ಗಣಿತಜ್ಞ ಆಯ್ಲರನು ಈ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದನು. ರಾಬಿನ್ಸನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಎಂಜಿನಿಯರನಾಗಿ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ನಳಿಗೆಯನ್ನು ಬಿಟ್ಟೊಡನೆ ನಮ್ಮ ಗುಂಡನ್ನು ಹಿಂದಕ್ಕೆ ತಳ್ಳುವ ಗಾಳಿಯ ಬಲವು ಗುಂಡಿನ ತೂಕದ ಸುಮಾರು ಮೂವತ್ತು-ನಲವತ್ತು ಪಟ್ಟು! ಆದ್ದರಿಂದ 300 ಮೀಟರ್ ಕ್ರಮಿಸಲು ಅರ್ಧ ಸೆಕೆಂಡು ಸಾಲದೆ ಸುಮಾರು 0.6 ಸೆಕೆಂಡು ಬೇಕಾಗುತ್ತದೆ. ಪತನವೂ ಒಂದೂವರೆ ಮೀಟರಿನ ಆಸುಪಾಸಿಗೆ ಏರುತ್ತದೆ. ಇದನ್ನು ಸರಿದೂಗಿಸಲು ನಳಿಗೆಯನ್ನು ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಮೇಲಕ್ಕೆತ್ತಬೇಕು. ಆಗ ಗುಂಡು ನಡುದಾರಿಯಲ್ಲಿ ನಮ್ಮ ದೃಷ್ಟಿರೇಖೆಗಿಂತ ಸುಮಾರು 40 ಸೆಂಟಿಮೀಟರ್ ಮೇಲೆ ಹಾರಿ, ಗುರಿಯ ಬಳಿ ಮತ್ತೆ ಆ ರೇಖೆಗೆ ಇಳಿಯುತ್ತದೆ.

ಊರಿನ ಎತ್ತರಕ್ಕೂ ಇದರಲ್ಲಿ ಪಾಲುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆಯು ಮಂಗಳೂರಿನದಕ್ಕಿಂತ ಶೇಕಡಾ ಎಂಟು-ಒಂಬತ್ತರಷ್ಟು ಕಡಿಮೆ. ತಡೆಯೂ ಅಷ್ಟೇ ಕಡಿಮೆ. ಯಲಹಂಕದಲ್ಲಿ ಹೊಂದಿಸಿದ ರೈಫಲನ್ನು ಕರಾವಳಿಗೆ ಒಯ್ದರೆ ದೂರದ ಗುರಿಯಲ್ಲಿ ಗುಂಡು ತುಸು ಕೆಳಗೆ ತಗಲುವುದು.

ಅಡ್ಡಗಾಳಿ

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯು ಹೆಚ್ಚುಕಡಿಮೆ ಉತ್ತರಕ್ಕೆ ಸಾಗುತ್ತದೆ. ಅದಕ್ಕೆ ಸಮಾನಾಂತರವಾಗಿ, ಉತ್ತರಕ್ಕೆ ಮುಖಮಾಡಿದ ಒಂದು ಗುರಿಮೈದಾನವನ್ನು ಊಹಿಸಿಕೊಳ್ಳೋಣ. ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರಿನ ಗಾಳಿ ಪಡುವಣದಿಂದ ಬಿರುಸಾಗಿ ಬೀಸುವುದು. ಚಳಿಗಾಲದಲ್ಲಿ ಮೂಡಣದಿಂದ ಬೀಸುವುದು. ಆದಕಾರಣ ಒಂದೇ ಮೈದಾನದಲ್ಲಿ ಜುಲೈ ತಿಂಗಳಿನಲ್ಲಿ ಗುಂಡು ಬಲಕ್ಕೂ ಡಿಸೆಂಬರಿನಲ್ಲಿ ಎಡಕ್ಕೂ ಸರಿಯುತ್ತದೆ.

ಎಷ್ಟು ಸರಿಯುತ್ತದೆ? ಇದಕ್ಕೊಂದು ಸುಲಭವಾದ ನಿಯಮವಿದೆ. ಗಾಳಿಯ ತಡೆಯಿಂದ ಗುಂಡಿಗಾದ ವಿಳಂಬವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಬೇಕು. ನಮ್ಮ ಗುಂಡಿನ ವಿಳಂಬ ಸೆಕೆಂಡಿನ ಹತ್ತನೆಯ ಒಂದು ಭಾಗ. ಎಲೆಗಳನ್ನು ಸದಾ ಅಲುಗಾಡಿಸುವ, ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಯಿದ್ದರೆ ಗುಂಡು 40 ಸೆಂಟಿಮೀಟರ್ ಪಕ್ಕಕ್ಕೆ ಹೋಗುವುದು. ಎಂದರೆ ಮೂರು ತೆಂಗಿನಕಾಯಿಗಳ ಅಗಲ! ಆದುದರಿಂದಲೇ ನುರಿತ ಗುರಿಕಾರನು ಗುರಿಯನ್ನು ನೋಡುವ ಮೊದಲು ಹುಲ್ಲಿನ ಬಾಗು, ಧೂಳಿನ ಚಲನೆ, ನೀರಿನ ಮೇಲಣ ಕಿರಿಯಲೆ ಇವುಗಳನ್ನು ಗಮನಿಸುತ್ತಾನೆ.

ಕೈಯ ದೋಷ, ಕೋವಿಯ ದೋಷ

ಪ್ರಕೃತಿಯ ಲೆಕ್ಕ ಮುಗಿದ ಮೇಲೆ ಮನುಷ್ಯನ ಲೆಕ್ಕ ಉಳಿಯುವುದು. ರೈಫಲಿನ ಹಿಂದಿನ ಕಚ್ಚಿಗೂ ಮುಂದಿನ ಮೊನೆಗೂ ನಡುವೆ ಅರ್ಧ ಮೀಟರ್ ಅಂತರವಿದೆಯೆನ್ನೋಣ. ಉಸಿರಾಟದಿಂದ ಮೊನೆಯು ಒಂದೇ ಒಂದು ಮಿಲಿಮೀಟರ್ ಕದಲಿದರೂ 300 ಮೀಟರಿನಲ್ಲಿ ಗುಂಡು 60 ಸೆಂಟಿಮೀಟರ್ ತಪ್ಪುತ್ತದೆ. ಅಭ್ಯಾಸಿಗಳು ನೆಲದ ಮೇಲೆ ಮಲಗಿ, ಮರಳಿನ ಚೀಲದ ಆಸರೆ ಪಡೆದು, ಉಸಿರನ್ನು ಅರ್ಧ ಬಿಟ್ಟು ಕ್ಷಣಕಾಲ ತಡೆದು, ಕುದುರೆಯನ್ನು ಜಗ್ಗದೆ ಮೆಲ್ಲನೆ ಒತ್ತುವುದು ಇದಕ್ಕಾಗಿಯೇ.

ಒಂದು ಗುಂಡು ತಪ್ಪಿದೊಡನೆ ರೈಫಲನ್ನು ತಿರುಚಲು ಹೊರಡುವವರನ್ನು ಕಂಡಾಗ, ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನೆನಪಾಗುತ್ತದೆ. ವಿಜ್ಞಾನದ ಕ್ರಮ ಬೇರೆ. ಮೊದಲು 100 ಮೀಟರಿನಲ್ಲಿ, ಗುರಿಯನ್ನು ಬದಲಿಸದೆ, ಐದು ಗುಂಡುಗಳನ್ನು ಹೊಡೆಯಬೇಕು. ಐದೂ ಒತ್ತಾಗಿ, ಆದರೆ ನಡುವಿನಿಂದ ದೂರ ಬಿದ್ದಿದ್ದರೆ, ದೋಷವು ಹೊಂದಾಣಿಕೆಯದು, ಅದನ್ನು ತಿದ್ದಬಹುದು. ಐದೂ ಚೆದರಿದ್ದರೆ ಹೊಂದಾಣಿಕೆಯಿಂದ ಫಲವಿಲ್ಲ. ಕೈಯನ್ನೋ ತೋಟಾವನ್ನೋ ರೈಫಲನ್ನೋ ಪರೀಕ್ಷಿಸಬೇಕು. ಪ್ರಯೋಗಾಲಯದಲ್ಲಿ ಲೋಲಕದ ಕಾಲವನ್ನು ಹಲವು ಬಾರಿ ಅಳೆಯುವ ವಿದ್ಯಾರ್ಥಿಯೂ ಇದೇ ಎರಡು ಬಗೆಯ ದೋಷಗಳನ್ನು ಬೇರ್ಪಡಿಸುತ್ತಾನೆ. ಎನ್.ಸಿ.ಸಿ. ಯಲ್ಲಿ .22 ರೈಫಲ್ ಹಿಡಿಯುವವರಿಗೂ ಈ ಪಾಠ ಸಲ್ಲುತ್ತದೆ.

100 ಮೀಟರಿನಲ್ಲಿ 10 ಸೆಂಟಿಮೀಟರ್ ಚೆದರುವ ಗುಂಡುಗಳು 300ರಲ್ಲಿ ಕನಿಷ್ಠ 30 ಸೆಂಟಿಮೀಟರ್ ಚೆದರುವುವು. ಅಂಥವನು ದೂರದ ಕಾಯಿಯನ್ನು ಒಮ್ಮೆ ಒಡೆದರೆ ಅದು ಅದೃಷ್ಟವೇ ಹೊರತು ವಿದ್ಯೆಯಲ್ಲ. ತನ್ನ ವಿದ್ಯೆ ಎಷ್ಟು ದೂರದವರೆಗೆ ಸಲ್ಲುವುದೆಂದು ಕಾಗದದ ಗುರಿಯ ಮೇಲೆ ಅರಿಯುವುದೇ ಈ ಅಭ್ಯಾಸದ ಸಾರ.

ಈ ಅರಿವಿನ ಕೊರತೆಗೆ ಹಿಂದೆ ಭಾರಿ ಬೆಲೆ ತೆರಬೇಕಾಗಿತ್ತು. ಅಳತೆಮೀರಿದ ದೂರದಿಂದ ಹೊಡೆದು ಗಾಯಗೊಳಿಸಿ ಬಿಟ್ಟ ಹುಲಿ ಚಿರತೆಗಳಲ್ಲಿ ಕೆಲವು, ಸಹಜ ಬೇಟೆ ಸಾಧ್ಯವಾಗದೆ ನರಭಕ್ಷಕಗಳಾದುದನ್ನು ಜಿಮ್ ಕಾರ್ಬೆಟ್ಟರೂ ಆಂಡರ್ಸನ್ನರೂ ದಾಖಲಿಸಿದ್ದಾರೆ. ಒಬ್ಬನ ಗುರಿ ತಪ್ಪಿದುದಕ್ಕೆ ಯಾವುದೋ ಹಳ್ಳಿಯ ದನಗಾಹಿ ಪ್ರಾಣ ತೆತ್ತನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದ ಮೇಲೆ ಈ ರೈಫಲುಗಳ ಯೋಗ್ಯವಾದ ಗುರಿ ಕಾಗದವೇ ಆಗಿದೆ.

ಕಾಗದವನ್ನು ತಪ್ಪಿದ ಗುಂಡೂ ಎಲ್ಲಿಯಾದರೂ ಬೀಳಲೇಬೇಕಷ್ಟೆ. ಮೇಲ್ಮುಖವಾಗಿ ಹಾರಿದ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲುದು. ಹೆಬ್ಬಾಳದಲ್ಲಿ ಹಾರಿದ್ದು ಆರ್.ಟಿ. ನಗರದ ಯಾರದೋ ಅಂಗಳದಲ್ಲಿ ಬೀಳಬಹುದು. ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ಮೈದಾನದ ಹೊರಗೆ ಈ ಅಭ್ಯಾಸವು ಕೂಡದೆಂಬ ಕಟ್ಟಳೆಯು ಈ ಲೆಕ್ಕದಿಂದಲೇ ಹುಟ್ಟಿದುದು. ಗುಂಡು ಎಲ್ಲಿ ತಗಲಬೇಕೆಂಬುದರ ಜೊತೆಗೆ, ತಪ್ಪಿದರೆ ಎಲ್ಲಿಗೆ ಹೋಗುವುದೆಂಬುದನ್ನೂ ಮೊದಲೇ ಬಲ್ಲವನೇ ನಿಜವಾದ ಗುರಿಕಾರನು.