ಹುಡುಕುವವರಿಗೆ ಸಿಕ್ಕ ಅತ್ತೆಯ ಸೋಬಾನೆ

ನಮ್ಮತ್ತೆಗೆ ಈಗ 73 ವರ್ಷ. ಮದ್ದೂರಿನ ಕಡೆಯವರು. ಸುತ್ತಮುತ್ತಲ ಹಳ್ಳಿಗಳಲ್ಲಿ ಮದುವೆ, ಒಸಗೆ, ತೊಟ್ಟಿಲು ಶಾಸ್ತ್ರ ಏನೇ ಇರಲಿ, ಸೋಬಾನೆ ಪದ ಹೇಳೋದಕ್ಕೆ ಮೊದಲು ಇವರಿಗೇ ಹೇಳಿಕಳಿಸುತ್ತಿದ್ದರು. ಈಗ ಮದುವೆಗಳು ಛತ್ರಕ್ಕೆ ಹೋಗಿವೆ, ಛತ್ರದಲ್ಲಿ ಆರ್ಕೆಸ್ಟ್ರಾ ಬಂದಿದೆ. ಅತ್ತೆಯ ಜೊತೆ ಸೊಲ್ಲೆತ್ತುತ್ತಿದ್ದ ನಾಲ್ವರಲ್ಲಿ ಮೂವರು ತೀರಿಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಅತ್ತೆಗೂ ಉಬ್ಬಸ ಶುರುವಾಯಿತು. ನಾಲ್ಕು ಸೊಲ್ಲು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಆಗ ನನಗೆ ನಿಜಕ್ಕೂ ಗಾಬರಿಯಾಯಿತು. ಅವರ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ, ಇರೋದು ಅವರ ಗಂಟಲಲ್ಲಿ ಮಾತ್ರ.

ಅಂಕೋಲಾದ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನು ಹೀಗೇ ನೆನಪಿನಲ್ಲಿ ಹೊತ್ತಿದ್ದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ಅವರು ಹೋಗಿಬಿಟ್ಟರು. ಪ್ರಶಸ್ತಿ ಬಾರದ ಅಜ್ಜಿಯರು ಇನ್ನೆಷ್ಟು ಜನ ಇದ್ದಾರೋ!

ಸರಿ, ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಕೂರಿಸಿ ಇಪ್ಪತ್ತು ಪದ ರೆಕಾರ್ಡ್ ಮಾಡಿದೆ. ಯೂಟ್ಯೂಬಿಗೆ ಹಾಕಿದೆ. ‘ಅತ್ತೆ ಹಾಡು 1’, ‘ಅತ್ತೆ ಹಾಡು 2’ ಅಂತ ಹೆಸರು ಕೊಟ್ಟೆ. ಐದು ತಿಂಗಳಾದರೂ ಒಂದೊಂದಕ್ಕೆ ಹತ್ತು, ಹನ್ನೊಂದು ವ್ಯೂಸ್. ಅದರಲ್ಲಿ ಅರ್ಧ ನನ್ನವೇ. ಅತ್ತೆ ದಿನಾ ಸಂಜೆ ಕೇಳೋರು, “ಎಷ್ಟ್ ಜನ ಕೇಳವ್ರೆ ಮಗಾ?” ನಾನು “ನೂರು ಜನ ಅತ್ತೆ” ಅಂತ ಸುಳ್ಳು ಹೇಳುತ್ತಿದ್ದೆ.

ಸುಳ್ಳು ನಿಜ ಮಾಡಲು ಹೋಗಿ ಎರಡು ತಪ್ಪು ಮಾಡಿದೆ. ಒಂದು, ಹಾಡಿನ ಹೆಸರಿನ ಜೊತೆ ದೊಡ್ಡ ನಟರೊಬ್ಬರ ಹೆಸರು, ಫೋಟೊ ಸೇರಿಸಿದೆ. ಎರಡೇ ದಿನದಲ್ಲಿ ನಾನೂರು ಜನ ಬಂದರು, ಬಂದವರು ಐದಾರು ಸೆಕೆಂಡಿಗೇ ಎದ್ದುಹೋದರು. ಒಬ್ಬ “ಈ ಅಜ್ಜಿ ಯಾರ್ಗುರು?” ಅಂತ ಕಾಮೆಂಟ್ ಹಾಕಿ ಹೋದ. ಅತ್ತೆಗೆ ಅದನ್ನು ಓದಿ ಹೇಳುವ ಧೈರ್ಯ ನನಗಿರಲಿಲ್ಲ. ಇಲ್ಲದ್ದನ್ನು ಇದೆ ಎಂದು ಹೆಸರಿಡುವುದು ಯೂಟ್ಯೂಬಿನ ನಿಯಮಕ್ಕೂ ವಿರುದ್ಧ, ಅದು ಆಮೇಲೆ ಗೊತ್ತಾಯಿತು. ಎರಡನೆಯದು, ದುಡ್ಡು ಕೊಟ್ಟರೆ ಹತ್ತು ಸಾವಿರ ವ್ಯೂಸ್ ಕೊಡಿಸುತ್ತೇವೆ ಅಂದವರಿಗೆ ಎರಡು ಸಾವಿರ ರೂಪಾಯಿ ಕಟ್ಟಿದೆ. ಅಂಕಿ ಏರಿತು, ಒಂದು ಒಳ್ಳೆ ಮಾತು ಬರಲಿಲ್ಲ, ಕೆಲವೇ ವಾರದಲ್ಲಿ ಅಂಕಿಯೂ ಇಳಿಯಿತು. ಹಾಗೆ ಕೊಳ್ಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ದಯವಿಟ್ಟು ನೀವು ಯಾರೂ ಈ ಬಲೆಗೆ ಬೀಳಬೇಡಿ.

ದಾರಿ ತೋರಿಸಿದ್ದು ಪಿಯುಸಿ ಓದುತ್ತಿರುವ ಮಗಳು. “ಅಮ್ಮ, ಈ ಹಾಡು ಬೇಕಾದವರು ಏನಂತ ಟೈಪ್ ಮಾಡ್ತಾರೆ ಹೇಳು? ‘ಅತ್ತೆ ಹಾಡು 7’ ಅಂತಾನಾ?” ಅಂದಳು. ಅಷ್ಟೇ ನೋಡಿ. ಸಿನಿಮಾ ಹಾಡಿಗೆ ಮೊದಲೇ ಹೆಸರಿರುತ್ತದೆ. ನಮ್ಮ ಪದಗಳಿಗೆ ಹೆಸರಿಲ್ಲ, ಸಂದರ್ಭ ಇದೆ. ಹುಡುಕುವವರೂ ಸಂದರ್ಭದಿಂದಲೇ ಹುಡುಕುತ್ತಾರೆ. ಅವತ್ತು ರಾತ್ರಿಯೇ ಅಮ್ಮ ಮಗಳು ಕೂತು ಎಲ್ಲ ಹೆಸರು ಬದಲಿಸಿದೆವು: ‘ಅರಿಶಿನ ಹಚ್ಚುವ ಹಾಡು’, ‘ಹಸೆಗೆ ಕರೆಯುವ ಹಾಡು’, ‘ಹೆಣ್ಣೊಪ್ಪಿಸುವ ಹಾಡು’, ಅದರ ಮುಂದೆ ‘ಮಂಡ್ಯ ಸೋಬಾನೆ ಪದ’. ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ, ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ. ಆದ್ದರಿಂದ ಮುಖ್ಯವಾದದ್ದು ಮೊದಲೇ ಬರಬೇಕು.

ಮನೆಯಲ್ಲಿ ಹಾಡುವವರಿದ್ದು, ನೀವೂ ವಿಡಿಯೊ ಹಾಕುವವರಾದರೆ ನಾವು ಕಲಿತ ಇನ್ನಷ್ಟು ಸಂಗತಿ ಕೇಳಿ.

ವಿಡಿಯೊ ಕೆಳಗಿನ ವಿವರಣೆಯನ್ನು ಖಾಲಿ ಬಿಡಬೇಡಿ. ಯಾವ ಶಾಸ್ತ್ರದ ಹಾಡು, ಯಾವ ಊರಿನದು, ಹಾಡಿದವರು ಯಾರು ಅನ್ನೋದು ಮೊದಲ ಎರಡು ಸಾಲಿನಲ್ಲೇ ಇರಲಿ. 5000 ಅಕ್ಷರ ಹಿಡಿಸುತ್ತದೆ, ಹಾಗಾಗಿ ಪೂರ್ತಿ ಹಾಡನ್ನೇ ಬರೆದುಬಿಡಿ. ಎಷ್ಟೋ ಜನಕ್ಕೆ ನೆನಪಿರುವುದು ಒಂದೇ ಸಾಲು, ಅವರು ಅದನ್ನೇ ಹಾಕಿ ಹುಡುಕುತ್ತಾರೆ.

ನಮ್ಮವರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಸೋಬಾನೆ, ಸೋಬಾನ, ಶೋಭಾನೆ ಅಂತ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಟ್ಯಾಗ್‌ಗಳಿಂದ ಬೇರೆ ದೊಡ್ಡ ಲಾಭವಿಲ್ಲ, ಇಂಥ ಸ್ಪೆಲಿಂಗ್ ಗೊಂದಲಕ್ಕೆ ಮಾತ್ರ ಉಪಯೋಗ.

ಶುರುವಿನಲ್ಲಿ ನಾನು ಅರ್ಧ ನಿಮಿಷ ಹೂವಿನ ಚಿತ್ರ, ನಮಸ್ಕಾರ, ಸ್ವಾಗತ ಅಂತ ಹಾಕಿದ್ದೆ. ಅದನ್ನೆಲ್ಲ ಕತ್ತರಿಸಿದೆವು. ಈಗ ಮೊದಲ ಸೆಕೆಂಡಿಗೇ ಅತ್ತೆಯ ದನಿ. ಹೊರಗೆ ಕಾಣುವ ಚಿತ್ರದಲ್ಲೂ ಅತ್ತೆಯ ಮುಖ, ದೊಡ್ಡ ಅಕ್ಷರದಲ್ಲಿ ಶಾಸ್ತ್ರದ ಹೆಸರು. ಉದ್ದದ ವಿಡಿಯೊ ಆದರೆ ವಿವರಣೆಯಲ್ಲಿ 0:00ಯಿಂದ ಶುರುಮಾಡಿ ಯಾವ ಹಾಡು ಎಷ್ಟನೇ ನಿಮಿಷಕ್ಕೆ ಎಂದು ಬರೆಯಿರಿ. ಕನಿಷ್ಠ ಮೂರು ಭಾಗ ಇದ್ದರೆ ಅದೇ ಅಧ್ಯಾಯಗಳಾಗಿ ಕಾಣುತ್ತದೆ. ಬಿಡಿ ಹಾಡುಗಳನ್ನು ಮದುವೆಯ ಕ್ರಮದಲ್ಲೇ ಪ್ಲೇಲಿಸ್ಟ್ ಮಾಡಿದರೆ ಒಂದು ಕೇಳಿದವರು ಇನ್ನೊಂದಕ್ಕೆ ಹೋಗುತ್ತಾರೆ.

ಎಲ್ಲಕ್ಕಿಂತ ನನಗೆ ಉಪಯೋಗವಾಗಿದ್ದು ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್. ಹುಡುಕಾಟದಿಂದ ಬಂದವರು ಯಾವ ಪದ ಹಾಕಿ ಬಂದರು ಎಂದು ಅಲ್ಲಿ ಕಾಣುತ್ತದೆ. ಒಂದು ದಿನ ನೋಡಿದರೆ, ‘ಅಳು ಬರುವ ಮಗಳ ಮದುವೆ ಹಾಡು’! ಯಾರೋ ಒಬ್ಬ ತಾಯಿ ಹುಡುಕಿರಬೇಕು ಅನ್ನಿಸಿ ನನಗೂ ಗಂಟಲು ಕಟ್ಟಿತು. ಆ ಮಾತನ್ನೂ ವಿವರಣೆಗೆ ಸೇರಿಸಿದೆ. ಅದು ಸುಳ್ಳಲ್ಲ, ಆ ಪದ ಕೇಳಿ ಅಳದವರನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಮಾಡಿ ನಾವೇನು ವೈರಲ್ ಆಗಲಿಲ್ಲ. ಹೆಣ್ಣೊಪ್ಪಿಸುವ ಹಾಡು ವರ್ಷದಲ್ಲಿ ಆರು ಸಾವಿರ ದಾಟಿತು, ಉಳಿದವು ಕೆಲವು ನೂರು. ಜಾಹೀರಾತಿನ ದುಡ್ಡು ಬರಲು 1000 ಚಂದಾದಾರರು, ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು. ನಮ್ಮದು ಇನ್ನೂ ಆರುನೂರ ನಲವತ್ತರಲ್ಲಿದೆ. ಆದರೆ ಸಂಜೆ ಸುಳ್ಳು ಹೇಳುವುದು ತಪ್ಪಿತು.

ಹೋದ ಮಾಘದಲ್ಲಿ ಮಸ್ಕತ್‌ನಿಂದ ಒಬ್ಬರು ಕಾಮೆಂಟ್ ಹಾಕಿದರು. ಮಗಳ ಮದುವೆ ಬೆಂಗಳೂರಿನಲ್ಲಿ. ತಮ್ಮ ಮದುವೆಯಲ್ಲಿ ತಾಯಿ ಇದೇ ಪದ ಹೇಳಿದ್ದರಂತೆ. ಈಗ ತಾಯಿ ಇಲ್ಲ, ಹೇಳಿಕೊಡುವವರು ಯಾರೂ ಇಲ್ಲ. “ಐದನೇ ಸೊಲ್ಲು ಸರಿಯಾಗಿ ಕೇಳಿಸ್ತಿಲ್ಲ ಅಕ್ಕ, ಬರೆದು ಕಳಿಸ್ತೀರಾ?” ಅಂದಿದ್ದರು. ಅದು ಅತ್ತೆಗೆ ಉಸಿರು ಕಟ್ಟಿದ ಜಾಗ. ನಾನೂ ಅಲ್ಲಿ ಬರೆಯದೆ ಬಿಟ್ಟುಬಿಟ್ಟಿದ್ದೆ. ಅತ್ತೆಯ ಮುಂದೆ ಕೂತು ಕೇಳಿದೆ. ಹಾಡಲು ಆಗಲಿಲ್ಲ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಬರೆದು ಕಳಿಸಿದೆ.

ಮದುವೆಯಾದ ಮೇಲೆ ಅವರು ತಾವು ಹಾಡಿದ್ದರ ವಿಡಿಯೊ ಕಳಿಸಿದರು. ಅತ್ತೆ ಫೋನನ್ನು ಕಿವಿಗೆ ಹತ್ತಿರ ಹಿಡಿದು ಕೊನೆವರೆಗೂ ಕೇಳಿದರು.

“ಎರಡ್ನೇ ಸೊಲ್ಲು ತಪ್ಪ್ ಹೇಳವ್ಳೆ,” ಅಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇರ್ಲಿ ಬುಡು. ಹೇಳವ್ಳಲ್ಲ” ಅಂದರು.